ಮೊದಲ ಗುಲಾಬಿ ಅಂಗಿ

ವೆತೂರಿಯ ಎಂಬ ಹುಡುಗಿ ನಮ್ಮೂರು ಅರಿನೇಷ್ತಿಗೆ ಬಂದಾಗ ಅವಳಿಗೆ ಹದಿನೇಳು ವರ್ಷ. ಗುಡ್ಡದ ಮೇಲಿನ ಹಳ್ಳಿಯಿಂದ ಒಂದು ಮರದ ಪೆಟ್ಟಿಗೆ ಹೊತ್ತು ಇಳಿದು ಬಂದು ಬೆಂಕಿಪೊಟ್ಟಣದ ಕಾರ್ಖಾನೆ ಸೇರಿದಳು. ಪೊಟ್ಟಣಕ್ಕೆ ಚೀಟಿ ಅಂಟಿಸುವ ಕೆಲಸ. ಆ ಕಾಲಕ್ಕೆ ನಮ್ಮೂರಿನಲ್ಲಿ ಎಲ್ಲವೂ ಕಾರ್ಖಾನೆಯದೇ. ನಾವಿದ್ದ ಮನೆಗಳು, ಬ್ರೆಡ್ಡಿನ ಅಂಗಡಿ, ಶನಿವಾರದ ಸಿನಿಮಾ, ಕೊನೆಗೆ ಫುಟ್‌ಬಾಲ್ ತಂಡವೂ. ತಂಡದ ಹೆಸರು ಕಿಬ್ರಿತುಲ್, ಅಂದರೆ ಬೆಂಕಿಕಡ್ಡಿ. ಯುದ್ಧ ಮುಗಿದ ಮೂರು ವರ್ಷಕ್ಕೆ, ೧೯೪೮ರಲ್ಲಿ, ಕಾರ್ಖಾನೆಯ ಹಿಂದಿನ ಜೌಗು ನೆಲಕ್ಕೆ ಬೂದಿ ತುಂಬಿ ಮೈದಾನ ಮಾಡಿದ್ದರು. ಬಿಳಿ ಅಂಗಿ, ಎದೆಗೆ ಅಡ್ಡಲಾಗಿ ಒಂದು ಕೆಂಪು ಪಟ್ಟಿ. ಬೇರೆ ಊರಿನವರು ಬಂದರೆ ಕೂಗುತ್ತಿದ್ದರು: "ನೆಂದ್ರೆ ಹತ್ಕೊಳಲ್ಲ ಕಣ್ರೋ ಇವು!"

ತಂಡದ ಹಿಂದಿನ ಸಾಲಿನಲ್ಲಿ ಐದನೆಯ ನಂಬರಿನ ಆಟಗಾರ ತಿಬೇರಿಯು ಮೊಗಾ. ಎತ್ತರದ ಆಳು, ಅಗಲವಾದ ಹೆಗಲು, ಬಾಯಲ್ಲಿ ಮಾತೇ ಇಲ್ಲ. ಕಾರ್ಖಾನೆಯ ಊಟದ ಮನೆಯಲ್ಲಿ ವೆತೂರಿಯಳ ಎದುರು ಮೂರು ತಿಂಗಳು ಕೂತು ಉಂಡ. ನಾಲ್ಕನೆಯ ತಿಂಗಳು "ಮದುವೆ ಆಗೋಣ್ವಾ?" ಅಂದ. ಅದಕ್ಕಿಂತ ಉದ್ದದ ವಾಕ್ಯ ಅವನ ಬಾಯಿಂದ ಬಂದಿದ್ದನ್ನು ತಾನು ಆಮೇಲೂ ಕೇಳಲಿಲ್ಲ ಎಂದು ಅವಳು ಹೇಳುತ್ತಿದ್ದಳು. ಮದುವೆಯಾಗಿ ನಮ್ಮ ಕಟ್ಟಡದಲ್ಲೇ, ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿ ಸಂಸಾರ ಹೂಡಿದರು. ಅದು ೧೯೬೬.

ಸುಖವಾಗಿದ್ದರು ಅನ್ನಬೇಕು. ಗಂಡ ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಭಾನುವಾರ ಇಡೀ ಊರು ಅವನ ಹೆಸರು ಕೂಗುತ್ತಿತ್ತು. ಅವಳು ಹುಳಿ ಸಾರು ಮಾಡಿ ಎದುರಿಗೆ ಇಟ್ಟು, ಗಲ್ಲಕ್ಕೆ ಕೈ ಕೊಟ್ಟು ಅವನ ಮುಖವನ್ನೇ ನೋಡುತ್ತ ಕೂರುತ್ತಿದ್ದಳು.

"ಹೇಗಿದೆ?"

"ಚೆನ್ನಾಗಿದೆ."

"ಇವತ್ತು ಏನಾಯ್ತು?"

"ಏನಿಲ್ಲ."

ಇಷ್ಟೇ. ಗಂಡಸರು ಹೀಗೇ ಇರುತ್ತಾರೆ ಎಂದು ಅವಳು ಒಪ್ಪಿಕೊಂಡಿದ್ದಳು. ಒಂದು ಕಾಲುಚೀಲ ಸಿಗುವವರೆಗೆ.

ತಂಡದ ಬಟ್ಟೆಗಳು ಮನೆಗೆ ಬರುತ್ತಿರಲಿಲ್ಲ. ಮೈದಾನದಲ್ಲಿ ಜನ ಕೂರುವ ಕಟ್ಟೆಯ ಕೆಳಗೆ, ಬಾಯ್ಲರಿನ ಪಕ್ಕದಲ್ಲಿ ಬಟ್ಟೆ ಒಗೆಯುವ ಕೋಣೆ ಇತ್ತು. ಒಗೆಯುವವಳು ಇರ್ಮಾ, ಹಂಗೇರಿಯನ್ ಮಾತಿನವಳು, ಕಾರ್ಖಾನೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವನ ವಿಧವೆ. ಗಂಡ ಸತ್ತ ಮೇಲೆ ೧೯೬೮ರಲ್ಲಿ ಕಾರ್ಖಾನೆಯವರು ಅವಳಿಗೆ ಆ ಕೆಲಸ ಕೊಟ್ಟಿದ್ದರು. ವೆತೂರಿಯಳಿಗಿಂತ ಒಂಬತ್ತು ವರ್ಷ ದೊಡ್ಡವಳು. ಆಟಗಾರರೆಲ್ಲ ಅವಳನ್ನು ಲೇಲೆ ಇರ್ಮಾ ಅನ್ನುತ್ತಿದ್ದರು, ಅಕ್ಕ ಎನ್ನುವ ಹಾಗೆ. ಚಂದವೇನೂ ಇರಲಿಲ್ಲ. ಸೋಡಾ ನೀರಿಗೆ ಸುಲಿದ ಕೈ, ಒಂದು ಹಲ್ಲು ಬಿದ್ದ ಬಾಯಿ, ಹಬೆಗೆ ಸದಾ ಕೆಂಪಾದ ಮೂಗು.

೧೯೭೧ರ ಚಳಿಗಾಲದಲ್ಲಿ ತಿಬೇರಿಯುವಿನ ಚೀಲದೊಳಗೆ ತಪ್ಪಿ ಒಂದು ಆಟದ ಕಾಲುಚೀಲ ಮನೆಗೆ ಬಂತು. ಹಿಮ್ಮಡಿಯಲ್ಲಿ ರಫು ಮಾಡಿತ್ತು. ವೆತೂರಿಯ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಎಳೆಗೆ ಎಳೆ ಕೂಡಿಸಿ, ಬೆರಳು ಆಡಿಸಿದರೂ ತೂತು ಎಲ್ಲಿತ್ತೆಂದು ಗೊತ್ತಾಗದ ಹಾಗೆ ಮಾಡಿದ ಕೆಲಸ. ಅವಳೇ ರಫು ಮಾಡಿದ ಕಾಲುಚೀಲಗಳಲ್ಲಿ ಹಿಮ್ಮಡಿಗೆ ಕಡಲೆಕಾಳಿನಂಥ ಗಂಟು ಏಳುತ್ತಿತ್ತು.

"ಇದನ್ನ ಯಾರು ಮಾಡಿದ್ದು?"

"ಇರ್ಮಾ."

"ಎಲ್ಲರದ್ದೂ ಹೀಗೇ ಮಾಡ್ತಾಳಾ?"

"ಗೊತ್ತಿಲ್ಲ."

ಆ 'ಗೊತ್ತಿಲ್ಲ'ವನ್ನು ಅವಳು ನಂಬಲಿಲ್ಲ. ಅಂದಿನಿಂದ ಎಲ್ಲವೂ ಕಾಣತೊಡಗಿತು. ಅಭ್ಯಾಸ ಮುಗಿದು ಎದುರುಮನೆಯ ಗೋಲ್‌ಕೀಪರ್ ಐದಕ್ಕೆ ಮನೆಗೆ ಬರುತ್ತಾನೆ, ತಿಬೇರಿಯು ಆರಕ್ಕೆ. ಅವನ ಕೋಟಿಗೆ ಬಟ್ಟೆ ಸೋಪಿನ ವಾಸನೆ. ಒಂದು ದಿನ ಅವಳು ಕೆಲಸದಿಂದ ತಪ್ಪಿಸಿಕೊಂಡು ಮೈದಾನದ ಹಿಂದೆ ಹೋದಳು. ಒಗೆಯುವ ಕೋಣೆಯ ಚಿಕ್ಕ ಕಿಟಕಿ ಹಬೆ ಹೋಗಲೆಂದು ತೆರೆದೇ ಇರುತ್ತಿತ್ತು. ಅದರ ಕೆಳಗೆ ಕಲ್ಲಿದ್ದಲ ರಾಶಿ. ರಾಶಿಯ ಪಕ್ಕದಲ್ಲಿ ನಿಂತು ಕಿವಿಗೊಟ್ಟಳು.

ಒಳಗೆ ಒಬ್ಬ ಗಂಡಸು ಮಾತಾಡುತ್ತಿದ್ದ. ಮೊದಲು ಯಾರೆಂದು ಅವಳಿಗೆ ಗೊತ್ತಾಗಲಿಲ್ಲ, ಅಷ್ಟು ಮಾತು. ಆಮೇಲೆ ಗೊತ್ತಾಯಿತು. ಅವನು ಚಿಕ್ಕಂದಿನಲ್ಲಿ ಅಪ್ಪನ ಕುದುರೆಗೆ ಹೆದರಿ ಹುಲ್ಲಿನ ಬಣವೆಯಲ್ಲಿ ಒಂದಿಡೀ ದಿನ ಅಡಗಿದ್ದನ್ನು ಹೇಳುತ್ತಿದ್ದ. ಹೇಳಿ ನಗುತ್ತಿದ್ದ. ಆಮೇಲೆ ಬಲಗಡೆಯ ಮಂಡಿ ಬೆಳಿಗ್ಗೆ ಎದ್ದಾಗ ಹಿಡಿದುಕೊಳ್ಳುತ್ತದೆ, ಬಗ್ಗಿಸಲು ಆಗುವುದಿಲ್ಲ, ತರಬೇತಿಯ ಮೇಷ್ಟ್ರಿಗೆ ಗೊತ್ತಾದರೆ ಆಡಿಸದೆ ಕೂರಿಸಿಬಿಡುತ್ತಾರೆ ಅಂದ. ಹೋದ ವರ್ಷ ತಲೆಗೆ ಪೆಟ್ಟು ಬಿದ್ದಾಗಿನಿಂದ ಎತ್ತರಕ್ಕೆ ಬರುವ ಚೆಂಡು ಕಂಡರೆ ಕಣ್ಣು ತಾನಾಗಿ ಮುಚ್ಚುತ್ತದೆ ಅಂದ. ಇರ್ಮಾ ಏನೂ ಹೇಳುತ್ತಿರಲಿಲ್ಲ. ನೀರಿನ ಸದ್ದು, ಬಟ್ಟೆ ಉಜ್ಜುವ ಸದ್ದು, ಆಗಾಗ ಒಂದು "ಹೂಂ."

ವೆತೂರಿಯ ಅರ್ಧ ಗಂಟೆ ಅಲ್ಲೇ ನಿಂತಳು. "ಪ್ರೀತಿ ಪ್ರೇಮದ ಮಾತಾಗಿದ್ರೆ ಒಳಗೆ ನುಗ್ಗಿ ಜುಟ್ಟು ಹಿಡೀತಿದ್ದೆ," ಎಂದು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. "ಅದೇನೂ ಅಲ್ವಲ್ಲಪ್ಪ. ಮಂಡಿ ನೋವಂತೆ. ಕುದುರೆಯಂತೆ. ಐದು ವರ್ಷ ಒಂದೇ ಹಾಸಿಗೇಲಿ ಮಲಗಿದೀನಿ, ಆ ಮಂಡಿ ಹಿಡ್ಕೊಳ್ಳುತ್ತೆ ಅಂತ ನನಗೆ ಗೊತ್ತಿಲ್ಲ, ಅವಳಿಗೆ ಗೊತ್ತು!"

ಗಂಡನನ್ನು ಅವಳು ಕೇಳಲಿಲ್ಲ. ಕೇಳಿದರೆ ಆ ಮಾತುಗಳನ್ನು ಕದ್ದು ಕೇಳಿದ್ದು ಬಯಲಾಗುತ್ತಿತ್ತು. ಬದಲಿಗೆ ದಿನಾ ರಾತ್ರಿಯೂಟಕ್ಕೆ "ಮಂಡಿ ಹೇಗಿದೆ?" ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಸಾರು ಹೇಗಿದೆ?" ಅನ್ನುತ್ತಿದ್ದಳು. ಕಾರ್ಖಾನೆಯಲ್ಲಿ ಇರ್ಮಾ ಎದುರು ಸಿಕ್ಕರೆ ತಲೆ ತಿರುಗಿಸಿ ನಡೆಯುತ್ತಿದ್ದಳು. ಇರ್ಮಾ ಮಾತ್ರ "ಚೆನ್ನಾಗಿದೀಯಾ ವೆತೂರಿಯ?" ಎಂದು ಕೇಳುತ್ತಲೇ ಇದ್ದಳು. ಅದು ಇನ್ನೂ ಉರಿ.

ತಂಡ ಆ ವರ್ಷ ಮೊದಲ ಸಲ ಎರಡನೆಯ ದರ್ಜೆಗೆ ಏರಿತ್ತು. ಏರಿದ್ದೇ ತಡ ಸೋಲತೊಡಗಿತ್ತು. ೧೯೭೨ರ ಜೂನ್ ತಿಂಗಳಲ್ಲಿ ಕೊನೆಯ ಪಂದ್ಯ ಉಳಿದಾಗ ಲೆಕ್ಕ ಸರಳವಿತ್ತು: ಗಣಿಯವರ ತಂಡವನ್ನು ಗೆದ್ದರೆ ದರ್ಜೆಯಲ್ಲಿ ಉಳಿಯುತ್ತೇವೆ, ಇಲ್ಲವಾದರೆ ಕೆಳಗೆ. ಊರೆಲ್ಲ ಅದೇ ಮಾತು. ಆ ವಾರವೇ ವೆತೂರಿಯ ಗಂಡನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಿನ್ನ ಅಂಗಿ ಇನ್ಮೇಲೆ ನಾನೇ ಒಗೀತೀನಿ. ಮನೆಗೆ ತಗೊಂಡು ಬಾ."

"ಯಾಕೆ?"

"ನಾನು ನಿನ್ನ ಹೆಂಡತಿ ಅಲ್ವಾ? ಅದಕ್ಕೆ."

ತಿಬೇರಿಯು ಶನಿವಾರ ಅಂಗಿ ತಂದು ಮೇಜಿನ ಮೇಲೆ ಇಟ್ಟ.

ಇರ್ಮಾಳ ಕೈಯಲ್ಲಿ ಆ ಅಂಗಿ ಬೆಳ್ಳಗಿತ್ತು. ತನ್ನ ಕೈಯಲ್ಲಿ ಅದು ಇನ್ನೂ ಬೆಳ್ಳಗಾಗಬೇಕು, ಇಡೀ ಮೈದಾನದಲ್ಲಿ ಐದನೆಯ ನಂಬರೊಂದೇ ಹೊಳೆಯಬೇಕು, ಜನ "ಇದು ಯಾರು ಒಗೆದದ್ದು?" ಅನ್ನಬೇಕು. ಹೀಗೆಂದುಕೊಂಡು ಅವಳು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಎರಡು ಹಿಡಿ ಸೋಡಾ ಸುರಿದು, ಅಂಗಿಯನ್ನು ಕುದಿಸಿದಳು. ಕೆಂಪು ಪಟ್ಟಿಯ ಅಂಗಿಯನ್ನು ಎಂದೂ ಕುದಿಸಬಾರದು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆಯಬೇಕು ಎನ್ನುವುದು ಇರ್ಮಾಳಿಗೆ ಗೊತ್ತಿತ್ತು. ಇವಳಿಗೆ ಗೊತ್ತಿರಲಿಲ್ಲ. ಮುಚ್ಚಳ ತೆಗೆದಾಗ ಅಂಗಿ ಗುಲಾಬಿಯಾಗಿತ್ತು. ಪಟ್ಟಿ ಎಲ್ಲಿ, ಬಿಳಿ ಎಲ್ಲಿ ಗೊತ್ತಾಗದ ಹಾಗೆ, ಮಗುವಿನ ಅಂಗಾಲಿನಂಥ ಗುಲಾಬಿ.

ಮೂರು ಸಲ ತಣ್ಣೀರಿಗೆ ಹಾಕಿದಳು. ವಿನೆಗರ್ ಹಾಕಿದಳು. ಭಾನುವಾರ ಬೆಳಿಗ್ಗೆ ತಿಬೇರಿಯು ಹಗ್ಗದ ಮೇಲಿದ್ದ ಅಂಗಿ ನೋಡಿ, ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಆಮೇಲೆ ನಡೆದದ್ದನ್ನು ಅವನು ಅವಳಿಗೆ ತುಂಡು ತುಂಡಾಗಿ, ಒಂದು ವರ್ಷದ ಅವಧಿಯಲ್ಲಿ ಹೇಳಿದನಂತೆ. ಒಂದು ಗಂಟೆಗೆ ತರಬೇತಿಯ ಮೇಷ್ಟ್ರು ಪ್ರಿಕೋಪ್ ಒಗೆಯುವ ಕೋಣೆಗೆ ಬಂದರು. ತಿಬೇರಿಯು ಅಂಗಿ ಹಿಡಿದು ನಿಂತಿದ್ದ. ಬೇರೆ ಯಾರೂ ಇರಲಿಲ್ಲ, ಇರ್ಮಾ ಒಬ್ಬಳೇ.

"ಏನಯ್ಯಾ ಇದು? ಏನಿದು? ಮದುವೆ ಲಂಗಾನಾ?" ಎಂದು ಮೇಷ್ಟ್ರು ಕಿರುಚಿದರು. ಹಳೆಯ ಅಂಗಿಗಳನ್ನೆಲ್ಲ ಕಿರಿಯರ ತಂಡ ಆ ದಿನವೇ ಬೇರೆ ಊರಿಗೆ ಒಯ್ದಿತ್ತು. ರೆಫರಿ ಊಟದ ಮನೆಯಲ್ಲಿ ಎಲೆಕೋಸಿನ ಸುರುಳಿ ತಿನ್ನುತ್ತಿದ್ದ. ಮೇಷ್ಟ್ರು ಓಡಿಹೋಗಿ ಅವನನ್ನು ಕೇಳಿದರು. ಅವನು ಬಾಯಿ ಒರೆಸಿಕೊಂಡು, "ಗೋಲ್‌ಕೀಪರ್ ಬಿಟ್ಟು ಹತ್ತೂ ಜನ ಒಂದೇ ಬಣ್ಣ, ಕೊಟ್ಟ ನಂಬರು ಬದಲಾಯಿಸೋ ಹಾಗಿಲ್ಲ. ಇಲ್ಲ ಅಂದ್ರೆ ಅವನು ಹೊರಗೆ," ಅಂದ. ಐದನೆಯ ನಂಬರಿಲ್ಲದೆ ಗಣಿಯವರ ಮುಂದೆ ಇಳಿಯುವುದೂ ಒಂದೇ, ಸೋತು ಮನೆಗೆ ಹೋಗುವುದೂ ಒಂದೇ.

ಮೇಷ್ಟ್ರು ಮರಳಿ ಬಂದಾಗ ಇರ್ಮಾ ಆಗಲೇ ತೋಳು ಮಡಚಿದ್ದಳು. "ಒಂದನ್ನ ಬಿಳಿ ಮಾಡಕ್ಕಾಗಲ್ಲ ಮೇಷ್ಟ್ರೇ. ಮಿಕ್ಕಿದ್ದನ್ನ ಗುಲಾಬಿ ಮಾಡಬಹುದು. ನೀರು ಕಾದಿದೆ," ಅಂದಳು. ಬದಲಿ ಆಟಗಾರರದ್ದೂ ಸೇರಿ ಹನ್ನೊಂದು ಅಂಗಿಗಳನ್ನು ಹಂಡೆಗೆ ಹಾಕಿ, ಸೋಡಾ ಸುರಿದು, ಕೋಲಿನಿಂದ ತಿರುವಿದಳು. ಆಗಾಗ ಒಂದನ್ನು ಎತ್ತಿ ಐದನೆಯ ನಂಬರಿನ ಪಕ್ಕದಲ್ಲಿ ಹಿಡಿದು ಬಣ್ಣ ನೋಡುತ್ತಿದ್ದಳು. "ಇನ್ನೊಂದು ಚೂರು," ಅನ್ನುತ್ತಿದ್ದಳು.

ವೆತೂರಿಯ ಕಟ್ಟೆಯ ಮೂರನೆಯ ಸಾಲಿನಲ್ಲಿ ಕೂತಿದ್ದಳು. ಬಿಳಿ ಅಂಗಿಗಳ ನಡುವೆ ಒಂದು ಗುಲಾಬಿ ಬರುತ್ತದೆ, ಊರೆಲ್ಲ ನಗುತ್ತದೆ ಎಂದು ಕಾಯುತ್ತಿದ್ದಳು. ತಂಡ ಹೊರಗೆ ಬಂತು. ಎಲ್ಲರೂ ಗುಲಾಬಿ. ಹಸಿ ಹಸಿ, ಮೈಗೆ ಅಂಟಿದ ಗುಲಾಬಿ. ಮೈದಾನ ಬಿದ್ದು ಬಿದ್ದು ನಕ್ಕಿತು. ಗಣಿಯವರ ಕಡೆಯವರು "ಏ ಹುಡುಗೀರಾ, ಹೂ ಯಾಕೆ ಮುಡ್ಕೊಂಡಿಲ್ಲ?" ಎಂದು ಕೂಗಿದರು. ಅಂದಿನ ಬಿಸಿಲು ನನಗೂ ನೆನಪಿದೆ, ಕಟ್ಟೆಯ ಹಲಗೆ ಸುಡುತ್ತಿತ್ತು. ಒಣ ಅಂಗಿಯ ಗಣಿಯವರು ಅರ್ಧ ಆಟಕ್ಕೇ ನಾಲಗೆ ಹೊರಗೆ ಹಾಕಿದರು. ನಮ್ಮವರು ತಣ್ಣಗೆ ಓಡಾಡಿದರು. ಎಪ್ಪತ್ತನೆಯ ನಿಮಿಷಕ್ಕೆ ಎಡಗಡೆ ಆಡುವ ಕೊಜ್ಮಾ ಒಂದು ಗೋಲು ಹೊಡೆದ. ಅಷ್ಟೇ ಸಾಕಾಯಿತು.

ಸಂಜೆ ಕಾರ್ಖಾನೆಯ ಪಕ್ಷದ ಕಾರ್ಯದರ್ಶಿ ಬಂದು, ಸರ್ಕಾರದ ಅಂಗಿ ಹಾಳು ಮಾಡಿದ್ದು ಯಾರು ಎಂದು ಕೇಳಿದ. ಇರ್ಮಾ ಮುಂದೆ ಬಂದು, "ನಾನು, ಕಾಮ್ರೇಡ್. ಒಂದು ಕೆಂಪು ಚಿಂದಿ ಹಂಡೇಲಿ ಉಳಿದುಬಿಟ್ಟಿತ್ತು, ನೋಡಲಿಲ್ಲ," ಅಂದಳು. ಅವಳಿಗೆ ಒಂದು ಎಚ್ಚರಿಕೆಯ ಕಾಗದ ಕೊಟ್ಟು ಅದರ ಪ್ರತಿಯನ್ನು ಫಲಕದ ಮೇಲೆ ಅಂಟಿಸಿದರು. ಮಾರನೆಯ ದಿನ ಯಾರೋ ಆ ಕಾಗದದ ಸುತ್ತ ಗುಲಾಬಿ ಹೂ ಸಿಕ್ಕಿಸಿದ್ದರು. ಆ ಶರತ್ಕಾಲದಿಂದ ಜನ ಗುಲಾಬಿ ಕರವಸ್ತ್ರ ಹಿಡಿದು ಮೈದಾನಕ್ಕೆ ಬಂದರು. ಎರಡು ವರ್ಷಕ್ಕೆ ಅದೇ ನಮ್ಮ ತಂಡದ ಬಣ್ಣವಾಯಿತು, ಇವತ್ತಿಗೂ ಹಾಗೇ ಇದೆ. ಇರ್ಮಾ ಬೀದಿಯಲ್ಲಿ ನಡೆದರೆ ಗಂಡಸರು ಟೋಪಿ ತೆಗೆಯುತ್ತಿದ್ದರು.

ಪಂದ್ಯ ಮುಗಿದ ನಾಲ್ಕನೆಯ ದಿನ ವೆತೂರಿಯ ಒಗೆಯುವ ಕೋಣೆಗೆ ಹೋದಳು. ಕೃತಜ್ಞತೆ ಹೇಳಲು ಅಂತ ಮನೆಯಿಂದ ಹೊರಟಿದ್ದಳು. ಬಾಗಿಲಿಗೆ ಬರುವಷ್ಟರಲ್ಲಿ ಅದು ಬೇರೆಯೇ ಆಗಿತ್ತು.

"ನಿನ್ನ ಯಾರು ಕೇಳಿದ್ರು ಸುಳ್ಳು ಹೇಳು ಅಂತ?"

ಇರ್ಮಾ ತಿರುಗಲಿಲ್ಲ. "ನಿನ್ನ ಗಂಡ ಊರಲ್ಲಿ ತಲೆ ಎತ್ಕೊಂಡು ಓಡಾಡಬೇಕಲ್ಲಮ್ಮ."

"ನನ್ನ ಗಂಡನ ತಲೆ ಚಿಂತೆ ನಿನಗ್ಯಾಕೆ? ಅವನು ಇಲ್ಲಿ ಯಾಕೆ ಬಂದು ಕೂರ್ತಾನೆ?"

"ಇಲ್ಲಿ ಬೆಚ್ಚಗಿರುತ್ತೆ. ಮಂಡಿಗೆ ಒಳ್ಳೇದು."

"ಅವನು ನಿನ್ನ ಹತ್ರ ಮಾತಾಡ್ತಾನೆ!"

"ನನ್ನ ಹತ್ರ ಅಲ್ಲ, ನನ್ನ ಬೆನ್ನಿನ ಹತ್ರ ಮಾತಾಡ್ತಾನೆ. ನಾನು ತಿರುಗಿದ್ರೆ ಸುಮ್ನಾಗ್ತಾನೆ. ನೀನೂ ಪಾತ್ರೆ ತೊಳೀತಾ ಇರು, ನೋಡು."

ಅವಳು ಮನೆಗೆ ಬಂದು ಒಂದು ವಾರ ಗಂಡನಿಗೆ ಬೆನ್ನು ತಿರುಗಿಸಿ ಪಾತ್ರೆ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ತಿಬೇರಿಯು ಏಳನೆಯ ದಿನ ಬಾಯಿ ಬಿಟ್ಟ. "ಕೋಪಾನಾ?" ಅಂದ.

೧೯೭೬ರಲ್ಲಿ ಇರ್ಮಾ ಸಮುದ್ರದ ಕಡೆಯ ಬಂದರಿನಲ್ಲಿ ಕ್ರೇನ್ ನಡೆಸುವವನೊಬ್ಬನನ್ನು ಮದುವೆಯಾಗಿ ಕೊನ್‌ಸ್ತಾಂತ್ಸಾಗೆ ಹೋದಳು. ಅವಳನ್ನು ಕಳಿಸಲು ಇಡೀ ತಂಡ ರೈಲು ನಿಲ್ದಾಣಕ್ಕೆ ಹೋಯಿತು. ಮರುದಿನ ಬೆಳಿಗ್ಗೆಯೇ ವೆತೂರಿಯ ಕಚೇರಿಗೆ ಹೋಗಿ ಒಗೆಯುವ ಕೆಲಸ ತನಗೆ ಕೊಡಿ ಅಂದಳು. ಚೀಟಿ ಅಂಟಿಸುವ ಸುಖದ ಕೆಲಸ ಬಿಟ್ಟು ಈ ಹಬೆಗೆ ಯಾರಾದರೂ ಬರುತ್ತಾರೆಯೇ ಎಂದು ಕಚೇರಿಯವರಿಗೆ ಆಶ್ಚರ್ಯ.

ಇಪ್ಪತ್ತೊಂದು ವರ್ಷ ಒಗೆದಳು. ರಫು ಕಲಿತಳು. ಹಳೆಯ ಕಾಲುಚೀಲಗಳಲ್ಲಿ ಇರ್ಮಾಳ ಹೊಲಿಗೆ ಬಿಚ್ಚಿ, ಎಳೆ ಹೇಗೆ ಹೋಗಿದೆ ಎಂದು ನೋಡಿ ನೋಡಿ ಕಲಿತಳು. ಆದರೂ ಯಾರಾದರೂ ಆಟಗಾರ "ಲೇಲೆ ಇರ್ಮಾ ಇದ್ದಾಗ ಸಂಜೆಗೇ ಒಣಗಿರ್ತಿತ್ತು" ಎಂದು ಬಾಯಿ ತಪ್ಪಿ ಅಂದರೆ ಅವನ ಕಾಲುಚೀಲ ಆ ವಾರ ಜೋಡಿ ತಪ್ಪಿರುತ್ತಿತ್ತು. ತಿಬೇರಿಯು ಆಟ ಬಿಟ್ಟು ಮೈದಾನದ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಕೆಲಸ ಮುಗಿಸಿ ಬಂದು ಅದೇ ಬೆಚ್ಚಗಿನ ಬೆಂಚಿನ ಮೇಲೆ ಕೂರುತ್ತಿದ್ದ, ಪತ್ರಿಕೆ ಬಿಡಿಸಿಕೊಂಡು. ಅವಳು ಬೆನ್ನು ತಿರುಗಿಸಿ ಉಜ್ಜುತ್ತಿದ್ದಳು, ಕಾಯುತ್ತಿದ್ದಳು. ಪುಟ ತಿರುವುವ ಸದ್ದು ಬಿಟ್ಟು ಬೇರೇನೂ ಇಲ್ಲ. ಒಂದು ದಿನ ತಡೆಯಲಾಗದೆ ಕೇಳಿಯೇ ಬಿಟ್ಟಳು.

"ಅವಳಿಗೆ ಅಷ್ಟೆಲ್ಲ ಹೇಳ್ತಿದ್ದೆ. ನನಗೆ ಯಾಕೆ ಏನೂ ಹೇಳಲ್ಲ?"

ತಿಬೇರಿಯು ಪತ್ರಿಕೆ ಕೆಳಗಿಟ್ಟು ಯೋಚಿಸಿದ. "ನಿನಗೇನು ಹೇಳೋದು? ನಿನಗೆ ಎಲ್ಲಾ ಗೊತ್ತಲ್ಲ."

ಇದನ್ನು ಹೊಗಳಿಕೆ ಅಂದುಕೊಳ್ಳಬೇಕೋ ಬೈಗುಳ ಅಂದುಕೊಳ್ಳಬೇಕೋ ಅವಳಿಗೆ ತೀರ್ಮಾನವಾಗಲಿಲ್ಲ.

ಸರ್ಕಾರ ಬದಲಾಯಿತು, ಜನ ಲೈಟರ್ ಕೊಳ್ಳತೊಡಗಿದರು, ೧೯೯೭ರಲ್ಲಿ ಕಾರ್ಖಾನೆ ಮುಚ್ಚಿತು. ಬಾಯ್ಲರ್ ತಣ್ಣಗಾಯಿತು. ತಂಡ ದರ್ಜೆಯಿಂದ ದರ್ಜೆಗೆ ಜಾರಿ ಜಿಲ್ಲೆಯ ಆಟಕ್ಕೆ ಬಂದು ನಿಂತಿತು. ೨೦೦೪ರಲ್ಲಿ ತಿಬೇರಿಯು ಮೂರು ತಿಂಗಳು ಮಲಗಿ ತೀರಿಕೊಂಡ.

ಈಗ ನನ್ನ ಪಾಲು. ನಾನು ಶಾಲೆಯಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ಎರಡು ಸಾವಿರದ ಇಪ್ಪತ್ತಮೂರರಲ್ಲಿ ತಂಡಕ್ಕೆ ಎಪ್ಪತ್ತೈದು ತುಂಬಿದಾಗ ಪುರಸಭೆಯವರು ಅದರ ಚರಿತ್ರೆ ಬರೆದುಕೊಡಿ ಅಂದರು. ಬರೆದೆ. ಇರ್ಮಾಳ ಚಿತ್ರ ಹಾಕಿದೆ, ಕೆಂಪು ಚಿಂದಿಯ ಕಥೆ ಹಾಕಿದೆ, ಎಲ್ಲರಿಗೂ ಗೊತ್ತಿದ್ದ ಹಾಗೆಯೇ. ಪುಸ್ತಕ ಹಂಚಿದ ಮಾರನೆಯ ಬೆಳಿಗ್ಗೆ ವೆತೂರಿಯ ಒಂದು ಮಹಡಿ ಹತ್ತಿ ನನ್ನ ಬಾಗಿಲು ಬಡಿದಳು. ಎಪ್ಪತ್ತೊಂಬತ್ತು ವರ್ಷ. ಏದುಸಿರು ಬಿಡುತ್ತಿದ್ದಳು.

"ಅವಳು ಎಷ್ಟು ವರ್ಷ ಒಗೆದಳೋ ಸೋರಿನ್?"

"ಎಂಟು, ತಾಂತಿ ವೆತೂರಿಯ," ಅಂದೆ, ಚಿಕ್ಕಮ್ಮ ಎನ್ನುವ ಹಾಗೆ.

"ನಾನು?"

ಇಡೀ ಪುಸ್ತಕದಲ್ಲಿ ಅವಳ ಹೆಸರು ಒಂದು ಕಡೆ ಇತ್ತು: ತಿಬೇರಿಯು ಮೊಗಾನ ಹೆಂಡತಿ ಎಂದು.

"ಮತ್ತೆ ಆ ಗುಲಾಬಿ ಬಣ್ಣ, ಅದು ನನ್ನದು," ಅಂದಳು. "ಐವತ್ತೊಂದು ವರ್ಷ ನಾಚಿಕೆಗೆ ಬಾಯಿ ಮುಚ್ಕೊಂಡಿದ್ದೆ. ಈಗ ಅದರ ಮೇಲೆ ಅವಳ ಚಿತ್ರ ಹಾಕಿದೀಯಲ್ಲ, ಕೂತ್ಕೋ. ಬರ್ಕೋ."

ಮೇಲೆ ಬರೆದದ್ದೆಲ್ಲ ಆ ದಿನ, ಮತ್ತೆ ಮುಂದಿನ ಎರಡು ದಿನ ಅವಳು ಹೇಳಿದ್ದು. ಆದರೆ ನಾನು ಇತಿಹಾಸದವನು, ಇನ್ನೊಬ್ಬರನ್ನು ಕೇಳದೆ ತಿದ್ದುವ ಹಾಗಿಲ್ಲ. ಮೇಷ್ಟ್ರು ಪ್ರಿಕೋಪ್ ಎಂದೋ ತೀರಿಕೊಂಡಿದ್ದರು. ಕೊನ್‌ಸ್ತಾಂತ್ಸಾದಲ್ಲಿ ಇರ್ಮಾಳ ಫೋನ್ ನಂಬರ್ ಹುಡುಕಿದೆ. ಎಂಬತ್ತೆಂಟು ವರ್ಷ, ದನಿ ಗಟ್ಟಿಯಿತ್ತು. ಪೂರ್ತಿ ಕೇಳಿಸಿಕೊಂಡು, "ಇಲ್ಲಪ್ಪ," ಅಂದಳು. "ಚಿಂದಿ ನನ್ನದೇ. ಪಾಪ ವೆತೂರಿಯಳ ಹೆಸರು ಯಾಕೆ ಎಳೀತೀರಾ?"

ಇದನ್ನು ಹೇಳಿದಾಗ ವೆತೂರಿಯಳ ಮುಖ ಕೆಂಪಾಯಿತು. "ನೋಡಿದ್ಯಾ? ಇನ್ನೂ ಕ್ಷಮಿಸ್ತಾನೇ ಇದಾಳೆ! ನಾನು ಸಾಯೋ ತನಕ ಕ್ಷಮಿಸ್ತಾಳೆ ಆ ಮುದುಕಿ! ಕೊಡಿಲ್ಲಿ ಫೋನು."

ನಾನು ಪಕ್ಕದಲ್ಲೇ ಇದ್ದೆ. ಮೊದಲ ಹತ್ತು ನಿಮಿಷ ಬರೀ ಕೂಗಾಟ. "ಸುಳ್ಳಿ! ನನ್ನ ಅಂಗಿ! ನನ್ನ ಪಾತ್ರೇಲಿ ಕುದ್ದಿದ್ದು!" ಕೊನೆಗೆ ಆ ಕಡೆಯಿಂದ ನಗು ಕೇಳಿಸಿತು. "ಆಯ್ತು ಕಣೇ, ಒಂದು ನಿನ್ನದು. ಹನ್ನೊಂದು ನನ್ನದು."

"ಮೊದಲನೇದು ನನ್ನದು!"

"ಮೊದಲನೇದು ನಿನ್ನದು."

ನಾನು ಹಾಗೇ ಬರೆದುಕೊಂಡೆ. ಪುಸ್ತಕಕ್ಕೆ ತಿದ್ದುಪಡಿಯ ಚೀಟಿಯನ್ನು ಆಮೇಲೆ ಹಾಗೆಯೇ ಅಚ್ಚು ಹಾಕಿಸಿದೆ. ಫೋನು ಮುಗಿಯಿತು ಅಂದುಕೊಂಡು ಚಹಾಕ್ಕೆ ನೀರಿಟ್ಟೆ. ಮುಗಿದಿರಲಿಲ್ಲ. ಇರ್ಮಾ ಏನೋ ಕೇಳಿದ್ದಳು. ವೆತೂರಿಯಳ ದನಿ ತಗ್ಗಿತ್ತು.

"ಹೂಂ, ಅದೇ ಮಂಡಿ. ಕೊನೇಲಿ ಎರಡೂ... ಇಲ್ಲ, ಆಸ್ಪತ್ರೆ ಬೇಡ ಅಂದ. ಮನೇಲೇ... ಎಲೆಕೋಸು ಬಿಸಿ ಮಾಡಿ ಕಟ್ತಿದ್ದೆ... ಸಾರು ಕುಡೀತಿದ್ದ. ಎರಡು ಚಮಚ."

ನಲವತ್ತು ನಿಮಿಷ ಹೇಳಿದಳು. ತಿಬೇರಿಯು ಮಲಗಿದ್ದ ಆ ಕೊನೆಯ ಮೂರು ತಿಂಗಳನ್ನು ಅವಳು ಯಾರಿಗಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗೋಡೆಯ ಕಡೆ ತಿರುಗಿ ಕೂತು ಹೇಳಿದಳು. ಫೋನು ಇಟ್ಟ ಮೇಲೆ ಮುಖ ಒರೆಸಿಕೊಂಡು ಚಹಾ ಕುಡಿದಳು.

"ಸಾಯೋ ಹಿಂದಿನ ದಿನ ಅವನು ನನ್ನ ಹತ್ರ ಮಾತಾಡಿದ ಕಣೋ," ಅಂದಳು. "ಒಂದು ಮಧ್ಯಾಹ್ನ ಪೂರ್ತಿ. ಏನಾದ್ರೂ ಹೇಳಿದ್ನಾ ಅಂತ ಅವಳು ಎರಡು ಸಲ ಕೇಳಿದಳು."

"ಏನಂದ್ರಿ?"

"ಏನೂ ಹೇಳಲಿಲ್ಲ ಅಂದೆ," ಅಂದಳು ವೆತೂರಿಯ. "ಅವಳಿಗ್ಯಾಕೆ ಹೇಳಲಿ?"